ಅಜ್ಜಿ ಅಭ್ಯಾಸ ಮಾಡಿದ ಕೊನೆಯ ಮಾತು

ನಮ್ಮ ಮನೆಯಲ್ಲಿ ಸಾಯುವವರ ಮಾತಿಗೆ ಇರುವ ಬೆಲೆ ಬದುಕಿರುವವರ ಮಾತಿಗೆ ಇಲ್ಲ. ಗಾವಡಗೆರೆಯಲ್ಲಿ ಇದು ಎಲ್ಲರಿಗೂ ಗೊತ್ತು. ನಮ್ಮ ತಾತ ಪ್ರಾಣ ಬಿಡುವಾಗ "ಹುಣಸೇಮರ" ಎಂದಷ್ಟೇ ಅಂದರಂತೆ. ಕಡಿಯಿರಿ ಎನ್ನಲು ಹೊರಟಿದ್ದರೋ, ಕಡಿಯಬೇಡಿ ಎನ್ನಲು ಹೊರಟಿದ್ದರೋ ಯಾರಿಗೂ ತಿಳಿಯಲಿಲ್ಲ. ಕಡಿದು ತಪ್ಪಾದರೆ ಮತ್ತೆ ನಿಲ್ಲಿಸುವುದಕ್ಕಾಗುವುದಿಲ್ಲವೆಂದು ಬಿಟ್ಟರು. ಆ ಮರ ಕೊಟ್ಟಿಗೆಯ ದಾರಿಗೆ ಅಡ್ಡವಾಗಿ ಬೆಳೆದಿದೆ. ಗಾಡಿ ಒಳಗೆ ಬರುವುದಿಲ್ಲ. ಹುಲ್ಲು, ಗೊಬ್ಬರ, ರಾಗಿ ಮೂಟೆ ಎಲ್ಲವನ್ನೂ ಬೀದಿಯಲ್ಲಿ ಇಳಿಸಿ ತಲೆಯ ಮೇಲೆ ಹೊತ್ತು ತರಬೇಕು.

ತಾತನ ತಮ್ಮ ದೀಪ ಹಚ್ಚುವ ಹೊತ್ತಿನಲ್ಲಿ ಹೋದರು. "ಬಾಗ್ಲು ಹಾಕ್ರೋ, ಗಾಳಿ" ಎಂಬುದು ಅವರ ಕೊನೆಯ ಮಾತು. ಅವತ್ತಿನಿಂದ, ಊರಿನವರೆಲ್ಲ ಲಕ್ಷ್ಮಿ ಬರಲೆಂದು ಮುಂಬಾಗಿಲು ತೆರೆದಿಡುವ ಹೊತ್ತಿಗೆ ಸರಿಯಾಗಿ ನಮ್ಮ ಮನೆಯವರು ಅಗುಳಿ ಹಾಕುತ್ತಾರೆ. ಪಕ್ಕದ ಮನೆಯ ತಿಮ್ಮಯ್ಯ, "ಷಣ್ಮುಖಪ್ಪೋರ ಮನೆ ಲಕ್ಷ್ಮಿ ಇತ್ಲು ಕಡೆಯಿಂದ ಬರೋಳು ಕಣ್ರಪ್ಪಾ, ಕಳ್ಳಿ ತರ" ಎಂದು ಹೇಳಿ ಊರನ್ನೇ ನಗಿಸಿದ್ದ. ಷಣ್ಮುಖಪ್ಪ ಎಂದರೆ ನನ್ನ ಅಪ್ಪ. ಅಪ್ಪನೂ ನಗುತ್ತಿದ್ದರು. ನಗುತ್ತಲೇ ಎದ್ದು ಹೋಗಿ ಬಾಗಿಲು ಹಾಕುತ್ತಿದ್ದರು.

ಇಂಥ ಮನೆಯಲ್ಲಿ ಮಾತೇ ಆಡದೆ ಹೋದವಳು ನಮ್ಮ ಅಕ್ಕ ವೀರಮ್ಮ. ಪಿರಿಯಾಪಟ್ಟಣದ ಹೊಗೆಸೊಪ್ಪಿನ ವ್ಯಾಪಾರಿ ವೀರಭದ್ರಸ್ವಾಮಿಗೆ ಅವಳನ್ನು ಕೊಟ್ಟಿದ್ದರು. ಹೆರಿಗೆಗೆಂದು ತವರಿಗೆ ಬಂದಳು. ಹೆಣ್ಣು ಮಗು ಹುಟ್ಟಿತು. ಅವಳು ಕಣ್ಣು ಬಿಡಲಿಲ್ಲ, ನೀರು ಕೇಳಲಿಲ್ಲ, ಮಗು ಯಾವುದೆಂದೂ ಕೇಳಲಿಲ್ಲ. ತಾಯಿಯಿಲ್ಲದ ನಮ್ಮನ್ನು ಸಾಕಿದ ಶಿವನಂಜತ್ತೆ, ಅಪ್ಪನ ವಿಧವೆ ಅಕ್ಕ, ಅವಳ ಬಾಯಿಯ ಹತ್ತಿರ ಕಿವಿಯಿಟ್ಟುಕೊಂಡು ಕೂತೇ ಇದ್ದರು. "ಏನಾರ ಒಂದು ಹೇಳಿ ಹೋಗವ್ವಾ, ಮಗೀನ ಏನು ಮಾಡ್ಲಿ ಹೇಳವ್ವಾ" ಎಂದು ಕೇಳುತ್ತಲೇ ಇದ್ದರು. ಅಕ್ಕನನ್ನು ಕೂರಿಸಿ ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಉಳಿದದ್ದು ಆ ಮಗು. ಅದಕ್ಕೆ ಏನು ಮಾಡಬೇಕೆಂದು ಹೇಳುವ ಸತ್ತವರ ಮಾತು ಯಾವುದೂ ಇರಲಿಲ್ಲ.

ಮಾತಿಲ್ಲದ ಆ ಜಾಗದಲ್ಲಿ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ನಾನು ಆಗ ತಾನೇ ಮೈಸೂರಿನಲ್ಲಿ ಚರಿತ್ರೆ ಓದಿ ಬಿ.ಎ. ಮುಗಿಸಿ ಊರಿಗೆ ಬಂದಿದ್ದೆ. ಅಕ್ಕನ ಗಂಡನಿಗೆ ನಾದಿನಿ, ಅಕ್ಕನ ಮಗುವಿಗೆ ಚಿಕ್ಕಮ್ಮ. ಹೊರಗಿನವಳು ಬಂದರೆ ಮಗುವಿನ ಗತಿಯೇನು? ಇದನ್ನು ಯಾರೂ ಜೋರಾಗಿ ಹೇಳಲಿಲ್ಲ. ಭಾವ ಬಂದಾಗ ಕಾಫಿ ಕೊಡುವುದಕ್ಕೆ ನನ್ನನ್ನೇ ಕಳಿಸಲು ಶುರುಮಾಡಿದರು, ಅಷ್ಟೇ. ಭಾವ ಒಳ್ಳೆಯವರು. ಮಗುವಿಗೆ ಬಿಸ್ಕತ್ತು ತಂದು, ಅದಕ್ಕೆ ಇನ್ನೂ ಹಲ್ಲು ಬಂದಿಲ್ಲವೆಂದು ನೆನಪಾಗಿ, ಪೊಟ್ಟಣವನ್ನು ಕೈಯಲ್ಲೇ ಹಿಡಿದುಕೊಂಡು ಕೂತಿರುತ್ತಿದ್ದರು. ಅವರ ಮೇಲೆ ಕೋಪ ಬರಿಸಿಕೊಳ್ಳಲು ಎಷ್ಟು ಪ್ರಯತ್ನಪಟ್ಟರೂ ನನಗೆ ಬರಲಿಲ್ಲ.

ಆ ವರ್ಷದ ಯುಗಾದಿಯ ಹೊತ್ತಿಗೆ ಕೆ.ಆರ್. ನಗರದ ಹುಡುಗಿಯರ ಶಾಲೆಯೊಂದರಲ್ಲಿ ಚರಿತ್ರೆ ಪಾಠ ಹೇಳುವ ಕೆಲಸ ನನಗೆ ಸಿಕ್ಕಿತು. ಜೂನ್‌ನಲ್ಲಿ ಹೋಗಿ ಸೇರಿಕೊಳ್ಳಬೇಕು. ನನ್ನ ಜೊತೆ ಓದಿದ ವಿಮಲಮ್ಮ ಆಗಲೇ ಅಲ್ಲಿ ಟೀಚರಾಗಿದ್ದಳು. ಇಬ್ಬರಿಗೂ ಆಗುವಂತೆ ಒಂದು ಕೋಣೆ ನೋಡಿದ್ದಳು. ಕಿಟಕಿಯಿಂದ ಕಾಲುವೆ ಕಾಣಿಸುತ್ತದಂತೆ. ನಾನು ಅಪ್ಪನಿಗೆ ಹೇಳಿದೆ. ನನ್ನ ದನಿ ಎಷ್ಟು ಸಣ್ಣದೆಂದರೆ, ನಾನು ಏನಾದರೂ ಕೇಳಿದರೆ ಮನೆಯವರು ಬೆಕ್ಕನ್ನು ಮಾತಾಡಿಸುತ್ತಿದ್ದೇನೆಂದುಕೊಳ್ಳುತ್ತಿದ್ದರು. ಅಪ್ಪನಿಗೆ ಕೇಳಿಸಿತು. "ನೋಡಾಣ" ಅಂದರು. ನಮ್ಮ ಅಪ್ಪ ನೋಡಾಣ ಅಂದ ಯಾವುದನ್ನೂ ಆಮೇಲೆ ನೋಡಿದ್ದಿಲ್ಲ.

ಈ ಮಾತೆಲ್ಲ ನಡುಮನೆಯ ಮಂಚದಲ್ಲಿ ಮಲಗಿದ್ದ ಅಜ್ಜಿಗೆ ಕೇಳಿಸುತ್ತಿತ್ತು. ಅಪ್ಪನ ತಾಯಿ ಗುರುಶಾಂತಮ್ಮ. ಶಿವರಾತ್ರಿ ಕಳೆದ ಮೇಲೆ ಅವರ ಕಾಲು ಊದಿಕೊಂಡಿತು, ಉಸಿರು ಮೇಲೆ ಬಂತು. ಹುಣಸೂರಿನಿಂದ ಬಂದ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಅಪ್ಪನನ್ನು ಹೊರಗೆ ಕರೆದುಕೊಂಡು ಹೋಗಿ ಏನೋ ಹೇಳಿದರು. ಅಪ್ಪ ಒಳಗೆ ಬಂದು, "ಏನೂ ಇಲ್ವಂತೆ ಕಣವ್ವಾ, ವಾಯು" ಅಂದರು.

"ಅಂಗಾ?" ಅಂದರು ಅಜ್ಜಿ. "ವಾಯುಗೆ ಹೊರಗಡೆ ಕರ್ಕೊಂಡೋಗಿ ಹೇಳೋದಾ? ಬುಡು ಮಗ, ನಂಗೆ ಗೊತ್ತಾಯ್ತು."

ಮಧ್ಯಾಹ್ನ ಎಲ್ಲರೂ ಮಲಗಿದಾಗ ಅಜ್ಜಿಯ ಕಾಲಿಗೆ ಎಣ್ಣೆ ಹಚ್ಚುವುದು ನನ್ನ ಕೆಲಸ. ಹಾಗೆ ಹಚ್ಚುತ್ತಿದ್ದಾಗ ಒಂದು ದಿನ ಕೇಳಿದರು:

"ಅಷ್ಟು ದೊಡ್ಡ ದೊಡ್ಡ ಪುಸ್ತಕ ಓದಿದ್ಯಲ್ಲ ಮಂಗಳ, ರಾಜ್ರು ಮಾರಾಜ್ರದ್ದು. ಅವ್ರೆಲ್ಲ ಸಾಯಾವಾಗ ಏನಂದ್ರು? ಅದು ಬರ್ದಿಲ್ವಾ ಅದ್ರಾಗೆ?"

ಬರೆದಿತ್ತು. ಅಂಥವೇ ನನ್ನ ತಲೆಯಲ್ಲಿ ನಿಂತಿದ್ದವು. ಯುದ್ಧಗಳ ಇಸವಿ ನಿಂತಿರಲಿಲ್ಲ. ಗ್ರೀಸ್ ದೇಶದ ಸಾಕ್ರಟೀಸನೆಂಬ ಜ್ಞಾನಿಗೆ ವಿಷ ಕುಡಿಸಿದರು, ಕಾಲಿನಿಂದ ಮೇಲಕ್ಕೆ ಮೈ ತಣ್ಣಗಾಗುತ್ತಾ ಬಂದಾಗ ಶಿಷ್ಯನನ್ನು ಕರೆದು, ವೈದ್ಯದೇವರಿಗೆ ಒಂದು ಹುಂಜ ಒಪ್ಪಿಸಬೇಕು, ಮರೆಯಬೇಡ ಎಂದನಂತೆ ಎಂದು ಹೇಳಿದೆ.

ಅಜ್ಜಿ ಹೊಟ್ಟೆ ಕುಣಿಸಿ ನಕ್ಕರು. "ಅಷ್ಟೆಲ್ಲ ತಿಳ್ಕೊಂಡೋನು ಕೊನೆಗೆ ಕೋಳಿ ಅಂದ್ನಾ! ಶಿವ ಶಿವಾ. ನಮ್ಮ ಜಾತಿಯೋನಲ್ಲ ಬುಡು. ತಿಮ್ಮಯ್ಯಂಗೆ ಹೇಳು, ಖುಷಿ ಪಡ್ತಾನೆ."

ನಕ್ಕರೆ ಕೆಮ್ಮು ಬರುತ್ತಿತ್ತು. ಕೆಮ್ಮು ನಿಂತ ಮೇಲೆ "ಇನ್ನೊಂದು" ಅನ್ನುತ್ತಿದ್ದರು. ಮಣ್ಣಿನ ಮೇಲೆ ವೃತ್ತ ಬರೆದುಕೊಂಡು ಲೆಕ್ಕ ಹಾಕುತ್ತಿದ್ದ ಆರ್ಕಿಮಿಡೀಸನು, ಕತ್ತಿ ಹಿಡಿದು ಬಂದ ಸೈನಿಕನಿಗೆ "ನನ್ನ ವೃತ್ತ ಕೆಡಿಸಬೇಡ" ಎಂದನಂತೆ ಎಂದೆ. "ರಂಗೋಲಿ ತುಳೀಬ್ಯಾಡ ಅಂದಂಗೆ! ಅವ್ನು ಪೂರ್ವಜನ್ಮದಾಗೆ ಹೆಂಗಸು ಕಣೆ" ಅಂದರು. ರೋಮಿನ ಚಕ್ರವರ್ತಿಯೊಬ್ಬ "ನಾನು ದೇವರಾಗುತ್ತಿರುವ ಹಾಗೆ ಕಾಣುತ್ತದೆ" ಎಂದು ಸತ್ತನೆಂದೆ. "ನಮ್ಮ ಹನಗೋಡು ಬೀಗ್ರು ಬದುಕಿರಾವಾಗ್ಲೇ ಅಂಗಂತಾರೆ" ಅಂದರು. ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ದೊರೆ ದಿನಗಟ್ಟಲೆ ನರಳಿ, ಸುತ್ತ ನಿಂತವರಿಗೆ "ಸಾಯುವುದಕ್ಕೆ ಇಷ್ಟು ಹೊತ್ತು ಮಾಡುತ್ತಿದ್ದೇನೆ, ಬೇಸರ ಪಟ್ಟುಕೊಳ್ಳಬೇಡಿ" ಎಂದನಂತೆ ಅಂದಾಗ ಮಾತ್ರ ಅಜ್ಜಿಗೆ ಪಂಥವೇ ಬಂದುಬಿಟ್ಟಿತು. "ಇವ್ನು ಗಂಡ್ಸು. ಇದು ನಂಗಿರ್ಲಿ" ಅಂದರು, ಸೀರೆ ಅಂಗಡಿಯಲ್ಲಿ ಒಂದನ್ನು ಪಕ್ಕಕ್ಕೆ ಎತ್ತಿಡುವ ಹಾಗೆ.

ಫ್ರಾನ್ಸಿನ ರಾಣಿಯದನ್ನು ಹೇಳಿದ ದಿನ ಮಾತ್ರ ಅವರು ನಗಲಿಲ್ಲ. ತಲೆ ಕಡಿಯುವ ಕಟ್ಟೆ ಹತ್ತುವಾಗ ಆ ರಾಣಿ ಕಡಿಯುವವನ ಕಾಲನ್ನು ಅರಿಯದೆ ತುಳಿದಳಂತೆ. "ತಪ್ಪಾಯಿತು, ಬೇಕೆಂದು ತುಳಿಯಲಿಲ್ಲ" ಎಂದಳಂತೆ. ಅದೇ ಅವಳ ಕೊನೆಯ ಮಾತಂತೆ.

ಅಜ್ಜಿ ನನ್ನ ಮುಖವನ್ನೇ ನೋಡಿದರು. "ಒಳ್ಳೆ ಮನೆ ಹೆಣ್ಣು, ಪಾಪ. ನೀನೂ ಅಂಗೇ ಕಣವ್ವಾ. ನಿನ್ ಕತ್ತು ಕೊಯ್ಯಾಕೆ ಬಂದೋನ್ಗೂ ಕೂತ್ಕಳಿ, ಕಾಫಿ ತತ್ತೀನಿ ಅಂತೀಯ."

ನಾನು ಎಣ್ಣೆ ಹಚ್ಚುತ್ತಲೇ ಇದ್ದೆ.

"ಕೆ.ಆರ್. ನಗರಕ್ಕೆ ಓಗಾಕೆ ಆಸೆ ಅದಾ?"

"ಹೂಂ ಅಜ್ಜಿ."

"ಅದ್ನ ಎಲ್ರಿಗೂ ಕೇಳಂಗೆ ಒಂದ್ಸಲ ಅನ್ನು ನೋಡಾಣ."

ಆಗಲಿಲ್ಲ. ಅಜ್ಜಿ ನಿಟ್ಟುಸಿರು ಬಿಟ್ಟು, "ಆಯ್ತು, ನಾನೇ ಅಂತೀನಿ. ಈಗಲ್ಲ. ಈಗಂದ್ರೆ ಮುದುಕಿ ಒದರ್ತಾಳೆ ಅಂತಾರೆ. ಸಾಯಾವಾಗ ಅಂತೀನಿ. ಮರ ಕಡೀದೆ ಉಳಿಸ್ಕಂಡೋರು, ಬಾಗ್ಲು ಹಾಕಿ ಲಕ್ಷ್ಮೀನೇ ಆಚೆ ನಿಲ್ಸಿದೋರು, ನನ್ ಮಾತು ದಾಟ್ತಾರಾ?" ಅಂದರು.

ಅಜ್ಜಿ ಸಾಯುವುದು ನನಗೆ ಬೇಡವಾಗಿತ್ತು. ಆದರೂ ಆ ರಾತ್ರಿ ವಿಮಲಮ್ಮ ಹೇಳಿದ್ದ ಕಿಟಕಿಯನ್ನು ನೆನೆಸಿಕೊಂಡು ಮಲಗಿದೆ.

ಮಾತನ್ನು ಇಬ್ಬರೂ ಸೇರಿ ಕಟ್ಟಿದೆವು. ಉದ್ದ ಬೇಡ, ಉಸಿರು ಸಾಲದು ಅಂದರು ಅಜ್ಜಿ. "ನಮ್ಮ ಮಂಗಳನ್ನ ಕೆಲಸಕ್ಕೆ ಕಳಿಸಿ." ಅಷ್ಟೇ. ದೊಡ್ಡವರ ಕೊನೆಯ ಮಾತುಗಳಲ್ಲಿ ಎಷ್ಟೋ ಅವರು ಆಡಿದ್ದೇ ಅಲ್ಲವಂತೆ, ಹಾಸಿಗೆಯ ಪಕ್ಕ ನಿಂತವರು ಆಮೇಲೆ ಕಟ್ಟಿದ್ದಂತೆ ಎಂದು ನಮ್ಮ ಮೇಷ್ಟರು ಹೇಳಿದ್ದನ್ನು ತಿಳಿಸಿದೆ. "ಅಂಗಾದ್ರೆ ಎಲ್ಲರ್ಗೂ ಬಾಯಿಪಾಠ ಮಾಡಿಸ್ಬುಡಾಣ. ಯಾರೂ ಬ್ಯಾರೆ ಕಟ್ಟಬಾರ್ದು" ಅಂದರು.

ಅಭ್ಯಾಸ ಶುರುವಾದದ್ದು ಹೀಗೆ. ಸಂಜೆ ಅಪ್ಪ ಬಾಗಿಲು ಹಾಕುವ ಮುಂಚೆ ತಿಮ್ಮಯ್ಯ ಒಳಗೆ ಬಂದು ಕಂಬಕ್ಕೆ ಒರಗಿ ಕೂರುತ್ತಿದ್ದ. ಅಜ್ಜಿ ದಿಂಬಿಗೆ ಒರಗಿ, ಕಣ್ಣು ಮೇಲೆ ಮಾಡಿ, ನಾಲಗೆ ಸ್ವಲ್ಪ ಹೊರಗೆ ಹಾಕಿ, ಒಂದು ಕೈ ಎತ್ತಿ, "ಸಾಯಾಕೆ ಇಷ್ಟೊತ್ತು ಮಾಡ್ತಾ ಇವ್ನಿ, ಬ್ಯಾಸರ ಮಾಡ್ಕಬ್ಯಾಡಿ. ನಮ್ಮ ಮಂಗಳನ್ನ ಕೆಲಸಕ್ಕೆ ಕಳಿಸಿ" ಎಂದು ಕೈ ಇಳಿಬಿಡುತ್ತಿದ್ದರು. ಆಮೇಲೆ ಒಂದು ಕಣ್ಣು ತೆರೆದು, "ನಿಜವಾಗ್ಲೂ ಕಣ್ರೋ" ಅನ್ನುತ್ತಿದ್ದರು.

ತಿಮ್ಮಯ್ಯ ನೆಲ ಬಡಿದು ನಗುತ್ತಿದ್ದ. "ಅವ್ವಾ, ಕೈ ಇನ್ನೂ ಸ್ವಲ್ಪ ನಿಧಾನುಕ್ಕೆ ಬೀಳ್ಬೇಕು ಕಣವ್ವಾ. ನಾಟಕದಾಗೆ ಅಂಗೇ ಬೀಳಾದು."

"ನಿಂದೇನ್ಲಾ ಕೊನೆ ಮಾತು?"

"ನಂದೇನಿದ್ದಾತು? ಇನ್ನೊಂದು ಮುದ್ದೆ ಇಕ್ಕು ಅಂತ."

"ಶಿವನಂಜೀ, ನಿಂದು?"

"ಒಲೆ ಆರಿಸಿದ್ರಾ ಅಂತ" ಎಂದು ಅತ್ತೆ ಒಳಗಿನಿಂದ ಕೂಗಿದರು.

ಅಪ್ಪ ಕೂಡ ನಕ್ಕರು. ಅಕ್ಕ ಹೋದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಗುವಾಗ "ಮಂಗಳನ್ನ ಕೆಲಸಕ್ಕೆ ಕಳಿಸಿ" ಎಂಬ ಮಾತು ಅವರ ಕಿವಿಗೆ ಬೀಳುತ್ತಿದೆಯಲ್ಲ, ದಿನವೂ ಬಿದ್ದರೆ ಕಲ್ಲೂ ಸವೆಯುತ್ತದಲ್ಲ ಎಂದು ನಾನು ಒಳಗೇ ಖುಷಿಪಟ್ಟೆ. ಹನಗೋಡಿನಿಂದ ಬೀಗರು ಅಜ್ಜಿಯನ್ನು ನೋಡಲು ಬಂದರು. ಅವರ ಮುಂದೆಯೂ ಆಯಿತು. ಹುಣಸೂರಿನ ಡಾಕ್ಟರ ಮುಂದೆಯೂ ಆಯಿತು. ಊರಿನಲ್ಲಿ ಹೆಂಗಸರು ನೀರಿಗೆ ಬಂದಾಗ ಕೈ ಎತ್ತಿ, "ನಮ್ಮ ಮಂಗಳನ್ನ ಕೆಲಸಕ್ಕೆ ಕಳಿಸಿ" ಎಂದು ಬಿಂದಿಗೆ ಇಳಿಸುವುದು ಒಂದು ಆಟವಾಯಿತು. ನನ್ನನ್ನು ಕಂಡರೆ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು.

ಒಂದು ಸಂಜೆ ಭಾವ ಬಂದಿದ್ದರು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಆಟ ನಡೆಯಿತು, ಎಲ್ಲರೂ ನಕ್ಕರು. ತಿಮ್ಮಯ್ಯ ಆ ಬಿಸಿಯಲ್ಲೇ, "ಸ್ವಾಮ್ಯೋರೆ, ನಿಮ್ದೇನು ಬುದ್ಧಿ ಕೊನೆ ಮಾತು?" ಎಂದು ಕೇಳಿಬಿಟ್ಟ.

ಭಾವ ಮಗುವಿನ ಅಂಗಿಯ ಗುಂಡಿ ಹಾಕುತ್ತಾ ಇದ್ದರು. "ಅವಳು ಏನೂ ಹೇಳ್ಲೇ ಇಲ್ಲ" ಅಂದರು.

ಅಪ್ಪ ಎದ್ದು ಹೋಗಿ ಬಾಗಿಲು ಹಾಕಿದರು. ಇನ್ನೂ ಹೊತ್ತಾಗಿರಲಿಲ್ಲ.

ಮೇ ತಿಂಗಳಲ್ಲಿ ಅಜ್ಜಿಗೆ ಊಟ ಸೇರದಾಯಿತು. ಶಾಲೆ ತೆರೆಯುವುದಕ್ಕೆ ಇನ್ನು ಸ್ವಲ್ಪವೇ ದಿನವಿತ್ತು. ಮಳೆ ಬೀಳುವ ಹಾಗೆ ಮೋಡ ಕಟ್ಟಿ, ಬೀಳದೆ ಹೋಗುತ್ತಿದ್ದ ಒಂದು ಮಧ್ಯಾಹ್ನ, ಮಠದ ಅಯ್ಯನವರನ್ನು ಕರೆಸಿದರು. ನಮ್ಮವರಲ್ಲಿ ಹೋಗುವ ಕಾಲ ಹತ್ತಿರವಾಯಿತೆಂದಾಗ ವಿಭೂತಿ ವೀಳ್ಯ ಮಾಡಿಸುತ್ತಾರೆ. ಮೈ ಒರೆಸಿ, ಮಡಿ ಸೀರೆ ಉಡಿಸಿ, ಹಣೆಗೆ ತೋಳಿಗೆ ವಿಭೂತಿ ಹಚ್ಚಿ, ಲಿಂಗವನ್ನು ಎಡಗೈಯಲ್ಲಿಟ್ಟು, ಅಯ್ಯನವರಿಗೆ ವಿಭೂತಿ ವೀಳ್ಯ ಒಪ್ಪಿಸುತ್ತಾರೆ. ಆಮೇಲೆ ಶಿವನ ಹೆಸರು ಬಿಟ್ಟು ಬೇರೆ ಮಾತಿಲ್ಲ. ಹೇಳುವುದೇನಾದರೂ ಇದ್ದರೆ ಅದಕ್ಕೆ ಮುಂಚೆ ಹೇಳಬೇಕು. ಮನೆ ತುಂಬ ಜನ. ಭಾವ ಪಿರಿಯಾಪಟ್ಟಣದಿಂದ ಬಂದಿದ್ದರು. ಹನಗೋಡಿನವರಿದ್ದರು. ತಿಮ್ಮಯ್ಯ ಹೊಸಲಿನಾಚೆ ನಿಂತಿದ್ದ. ನಾನು ಮಂಚದ ಕಾಲ ಹತ್ತಿರ, ಭಾವನ ಪಕ್ಕದಲ್ಲಿ ನಿಂತಿದ್ದೆ, ಜಾಗವಿದ್ದದ್ದು ಅಲ್ಲಿಯೇ.

ಅಯ್ಯನವರು ಬಗ್ಗಿ ಕೇಳಿದರು: "ತಾಯೀ, ಏನಾದ್ರೂ ಹೇಳೋದಿದ್ಯೇ?"

ಅಜ್ಜಿ ಕಣ್ಣು ತೆರೆದರು. ಎಲ್ಲರನ್ನೂ ದಾಟಿ ನನ್ನನ್ನು ಹುಡುಕಿದರು. ಸಿಕ್ಕಿದೆ. ಅವರ ಉಸಿರು ಎರಡು ಮೂರು ಸಲ ಏರಿ ಇಳಿಯಿತು. ಅಷ್ಟು ದಿನದ ರೂಢಿಯೋ, ಅಥವಾ ಆ ದೊರೆಯ ಮಾತನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲವೋ, ಅವರು ಮೊದಲಿನಿಂದಲೇ ಶುರುಮಾಡಿದರು.

"ಸಾಯಾಕೆ... ಇಷ್ಟೊತ್ತು ಮಾಡ್ತಾ ಇವ್ನಿ. ಬ್ಯಾಸರ ಮಾಡ್ಕಬ್ಯಾಡಿ."

ಅಳುತ್ತಿದ್ದ ಅತ್ತೆಗೆ ನಗು ಬಂದುಬಿಟ್ಟಿತು. ಮೂಗು ಒರೆಸಿಕೊಳ್ಳುತ್ತಾ ನಕ್ಕರು. ಅಪ್ಪ ನಕ್ಕರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಹನಗೋಡಿನ ಬೀಗರು ಅಯ್ಯನವರ ಕಿವಿಯಲ್ಲಿ ಏನೋ ಹೇಳಿದರು, ಅಯ್ಯನವರೂ ಮುಗುಳ್ನಕ್ಕರು.

"ನಮ್ಮ ಮಂಗಳನ್ನ... ಕೆಲಸಕ್ಕೆ ಕಳಿಸಿ."

ಅಷ್ಟರಲ್ಲಿ ನಗು ಮನೆಯನ್ನು ತುಂಬಿತ್ತು. ದುಃಖ ತಡೆದುಕೊಂಡಿದ್ದವರಿಗೆ ಅದು ದಾರಿಯಾಗಿತ್ತು. ಹೊಸಲಿನಾಚೆಯಿಂದ ತಿಮ್ಮಯ್ಯ ಅಳುತ್ತಲೇ, "ಇವತ್ತೂ ಬುಡ್ಲಿಲ್ವಲ್ಲಾ ನಮ್ಮವ್ವ! ಯಮನ್ನೂ ನಗ್ಸಿಬುಡ್ತಾಳೆ ಕಣ್ರೋ" ಅಂದ.

ಅಜ್ಜಿಯ ಮುಖ ಬದಲಾಯಿತು. ಅದನ್ನು ನೋಡಿದವಳು ನಾನೊಬ್ಬಳೇ ಇರಬೇಕು. ಕೈ ಎತ್ತಲು ನೋಡಿದರು, ಲಿಂಗವಿದ್ದ ಕೈ, ಏಳಲಿಲ್ಲ. "ನಿಜವಾಗ್ಲೂ... ಕಣ್ರೋ" ಅಂದರು.

ಅದಕ್ಕೆ ಇನ್ನೂ ಜೋರಾಗಿ ನಕ್ಕರು. ಅದೂ ಆಟದಲ್ಲಿ ಇದ್ದದ್ದೇ ತಾನೆ.

ಅಜ್ಜಿ ಮತ್ತೆ ನನ್ನನ್ನು ನೋಡಿದರು. ಈಗ ನೀನು ಅನ್ನು ಎಂದು ಆ ಕಣ್ಣು ಹೇಳಿತು. ನಾನು ಬಾಯಿ ತೆರೆದೆ. "ಅಪ್ಪಾ, ಅಜ್ಜಿ ತಮಾಷೆ ಮಾಡ್ತಿಲ್ಲ" ಅಂದೆ. ಅಂದದ್ದು ನಿಜ. ನನ್ನ ಕಿವಿಗೆ ಅದು ಕೂಗಿದ ಹಾಗೆ ಕೇಳಿಸಿತು. ಅಪ್ಪ ತಿರುಗಲಿಲ್ಲ, ಅತ್ತೆ ತಿರುಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಭಾವ ಮಾತ್ರ ಒಂದು ಸಲ ನನ್ನ ಕಡೆ ನೋಡಿ ತಲೆ ತಗ್ಗಿಸಿದರು. ಅಯ್ಯನವರು ಕಿವಿಯಲ್ಲಿ ಮಂತ್ರ ಹೇಳಲು ಬಗ್ಗಿದರು.

ಅಜ್ಜಿ ಅವತ್ತು ಹೋಗಲಿಲ್ಲ. ಮಂತ್ರ ಆದ ಮೇಲೆ ಕಣ್ಣು ಮುಚ್ಚಿ ಮಲಗಿದರು, ಉಸಿರು ಆಡುತ್ತಿತ್ತು. ಬಂದವರು ಅಲ್ಲಲ್ಲೇ ಒರಗಿಕೊಂಡರು. "ಇನ್ನೂ ಏನೋ ಹೇಳೋದಿದೆ ಅವ್ವಂಗೆ. ಅದಕ್ಕೇ ಜೀವ ಹಿಡ್ಕೊಂಡವ್ರೆ" ಎಂದು ಅತ್ತೆ ಎಲ್ಲರಿಗೂ ಹೇಳಿದರು. ಹೇಳಬೇಕಾದ್ದನ್ನು ಹೇಳಿಯಾಗಿದೆ ಎಂದು ನಾನು ಮನಸ್ಸಿನಲ್ಲೇ ಹೇಳಿಕೊಂಡೆ. ಮನಸ್ಸಿನಲ್ಲಿ ನನ್ನ ದನಿ ಚೆನ್ನಾಗಿಯೇ ಇರುತ್ತದೆ.

ಬೆಳಗಾಯಿತು. ಹಾಲು ಕರೆದು ತಂದರು. ನಾನು ಕಾಯಿಸಿ, ಆರಿಸಿ, ಒಳಲೆಗೆ ಹಾಕಿ ಮಗುವಿಗೆ ಕುಡಿಸಿದೆ. ಬಾಯಿ ಒರೆಸಿ, ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಾ ನಡುಮನೆಗೆ ಬಂದೆ. ಅಜ್ಜಿ ಕಣ್ಣು ಬಿಟ್ಟಿದ್ದರು. ಕಣ್ಣಲ್ಲಿ ಗುರುತಿತ್ತು. ನಾನು ಹತ್ತಿರ ಕೂತೆ. ಅತ್ತೆ ಆಚೆ ಬದಿಯಲ್ಲಿ ನೀರಿನ ಲೋಟ ಹಿಡಿದು ಕೂತಿದ್ದರು.

"ಮಂಗಳ" ಅಂದರು ಅಜ್ಜಿ. "ವೀರಮ್ಮನ ಮಗೀಗೆ ಹಾಲು ಕುಡಿಸ್ದಾ?"

"ಕುಡಿಸ್ದೆ ಅಜ್ಜಿ. ಈಗ ತಾನೆ."

"ಅಂಗಾದ್ರೆ ಸರಿ ಬುಡು."

ಅಷ್ಟೇ. ಯಾವುದೋ ಸಣ್ಣ ಕೆಲಸ ಮುಗಿಯಿತೆಂಬ ಹಾಗೆ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಮಗು ನನ್ನ ಹೆಗಲ ಮೇಲೆ ತೇಗಿತು.

ಅತ್ತೆಯ ಕೈಯಿಂದ ಲೋಟ ಬಿತ್ತು. "ಷಣ್ಮುಖಾ!" ಎಂದು ಚೀರುತ್ತಾ ಹೊರಗೆ ಓಡಿದರು. "ಹೇಳುದ್ರು ಕಣೋ, ಅವ್ವ ಹೇಳೇ ಹೋದ್ರು! ಮಂಗಳನ್ನ ಹೆಸರು ಹಿಡಿದು ಕರೆದು, ವೀರಮ್ಮನ ಮಗೀನ ನೋಡ್ಕ ಅಂತ ಒಪ್ಪಿಸಿ ಹೋದ್ರು! ವೀರಮ್ಮನೇ ಬಂದು ಹೇಳ್ಸಿದ್ಲು ಕಣೋ. ಅವತ್ತು ಬಾಯಿ ಬರ್ಲಿಲ್ಲ ಅವ್ಳಿಗೆ, ಇವತ್ತು ಅಜ್ಜಿ ಬಾಯಾಗೆ ಹೇಳ್ಸಿದ್ಲು!"

ಅತ್ತೆ ಸುಳ್ಳು ಹೇಳುವವರಲ್ಲ. ಅವರಿಗೆ ಹಾಗೆಯೇ ಕೇಳಿಸಿತ್ತು. ಅಕ್ಕನ ಬಾಯಿಯ ಹತ್ತಿರ ಕಿವಿಯಿಟ್ಟು ಕೂತಿದ್ದ ದಿನದಿಂದಲೂ ಅವರು ಆ ಮಾತಿಗೇ ಕಾದಿದ್ದರು.

ಅಪ್ಪ ಒಳಗೆ ಬಂದು ಅಜ್ಜಿಯ ಪಾದಕ್ಕೆ ತಲೆಯಿಟ್ಟರು. ಆಮೇಲೆ ನನ್ನನ್ನು ನೋಡಿ, "ಹೌದೇನವ್ವಾ?" ಅಂದರು.

"ಹಾಲು ಕುಡಿಸಿದೆಯಾ ಅಂತ ಕೇಳಿದ್ರು ಅಪ್ಪ. ಕುಡಿಸ್ದೆ ಅಂದೆ. ಸರಿ ಬುಡು ಅಂದ್ರು. ಅಷ್ಟೇ." ಅಷ್ಟು ದೊಡ್ಡ ದನಿಯಲ್ಲಿ ನಾನು ಅಪ್ಪನೊಡನೆ ಎಂದೂ ಮಾತಾಡಿರಲಿಲ್ಲ. "ಅವರು ಹೇಳಿದ್ದು ನಿನ್ನೆ ಅಪ್ಪ. ಎಲ್ಲರ ಮುಂದೆ ಹೇಳಿದ್ರು. ಕೆಲಸಕ್ಕೆ ಕಳಿಸಿ ಅಂತ."

ಅಪ್ಪ ನನ್ನ ತಲೆ ಸವರಿದರು. ಅವರ ಕಣ್ಣು ಕೆಂಪಗಿತ್ತು, ತುಟಿಯಲ್ಲಿ ನಗು ಇತ್ತು. "ಅದು ಅವ್ವನ ತಮಾಷೆ ಕಣವ್ವಾ. ಎರಡು ತಿಂಗಳಿಂದ ನಗಿಸಿದ್ರು ನಮ್ಮನ್ನ. ಸಾಯೋ ಹೊತ್ತಲ್ಲೂ ನಗಿಸಿದ್ರು. ಅಂಥ ತಾಯಿ ಯಾರಿಗೆ ಸಿಗ್ತಾಳೆ?" ಎಂದು ಹೇಳಿ ಬಿಕ್ಕಿದರು.

ಅಜ್ಜಿಯನ್ನು ಅಕ್ಕನ ಪಕ್ಕದಲ್ಲಿ ಕೂರಿಸಿದರು. ಜನರು ಮಣ್ಣು ಹಾಕಿ ಕೈ ತೊಳೆಯುತ್ತಿದ್ದಾಗ ತಿಮ್ಮಯ್ಯ ಯಾರಿಗೋ ಕೈ ಎತ್ತಿ ತೋರಿಸುತ್ತಿದ್ದ, ಅಜ್ಜಿಯ ಕೈ ಹೇಗೆ ಬೀಳುತ್ತಿತ್ತೆಂದು. ಅವನ ಮುಖವೆಲ್ಲ ಕಣ್ಣೀರು. ನೋಡುತ್ತಿದ್ದವರು ನಗುತ್ತಿದ್ದರು.

ಜೂನ್ ಬಂತು. ಶಾಲೆಗೆ ಬರಲಾಗುವುದಿಲ್ಲವೆಂದು ನಾನೇ ಬರೆದೆ. ಅಪ್ಪ ಓದಿ, "ಇಂಗ್ಲೀಷು ಚೆನ್ನಾಗದೆ" ಅಂದರು. ವಿಮಲಮ್ಮನ ಕೋಣೆಗೆ ಹೊಲಿಗೆ ಕಲಿಸುವ ಟೀಚರೊಬ್ಬರು ಬಂದರಂತೆ. ವರ್ಷದೊಳಗೆ ಶುಭಕಾರ್ಯವಾದರೆ ಹೋದವರಿಗೆ ನೆಮ್ಮದಿ ಎಂದು ಹಿರಿಯರು ಹೇಳಿದರು. ಆಷಾಢ ಕಳೆಯಲೆಂದು ಕಾದರು.

ಶ್ರಾವಣದಲ್ಲಿ ಮದುವೆ ನಿಶ್ಚಯವಾದ ಮೇಲೆ ಭಾವ ಒಂದು ದಿನ ಬಂದರು. ನಾನು ಹಿತ್ತಲಿನಲ್ಲಿ ಮಗುವಿನ ಬಟ್ಟೆ ಒಣಗಹಾಕುತ್ತಿದ್ದೆ. ಅವರು ಹುಣಸೇಮರದ ಕೆಳಗೆ ನಿಂತರು.

"ಅವತ್ತು ನೀನು ಅಂದದ್ದು ನಂಗೆ ಕೇಳಿಸ್ತು" ಅಂದರು.

ನಾನು ತಿರುಗಲಿಲ್ಲ. ಕೈಯಲ್ಲಿದ್ದ ಸಣ್ಣ ಅಂಗಿಯನ್ನು ಹಿಂಡಿದೆ, ಅದರಲ್ಲಿ ನೀರು ಇರಲಿಲ್ಲ. ಅವರು ಮುಂದೆ ಏನೋ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಹೇಳಿದರೆ ಕುಣಿಯಬೇಕೋ ಕಾಲಿಗೆ ಬೀಳಬೇಕೋ ಎಂದು ಕೂಡ ಯೋಚಿಸಿದೆ.

"ಆದ್ರೆ ದೊಡ್ಡೋರು ಹೇಳಿ ಹೋಗವ್ರೆ" ಅಂದರು. "ಮೀರಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ... ಮಗು ಅದೆ." ಆಮೇಲೆ "ಮನೇಲಿ ಪುಸ್ತಕ ಇಟ್ಕೋಬೋದು ನೀನು. ಬೀರು ಖಾಲಿ ಅದೆ" ಅಂದು ಹೋದರು. ಬೀರು ಅಕ್ಕನದು.

ಗಾವಡಗೆರೆಯ ಮನೆಯಲ್ಲಿ ಈಗ ಇನ್ನೊಂದು ನೇಮ ಸೇರಿದೆ. ಬೆಳಿಗ್ಗೆ ಯಾರೂ ಕಾಫಿ ಮುಟ್ಟುವ ಮುಂಚೆ ಅತ್ತೆ ಒಂದು ಒಳಲೆ ಹಾಲನ್ನು ಅಜ್ಜಿಯ ಮಂಚದ ಹತ್ತಿರ ಇಡುತ್ತಾರೆ. ಮಗು ಅಲ್ಲಿಲ್ಲ, ಪಿರಿಯಾಪಟ್ಟಣದಲ್ಲಿ ನನ್ನ ಹತ್ತಿರ ಇದೆ. ಆದರೂ ಇಡುತ್ತಾರೆ. ಬೆಕ್ಕು ಕುಡಿಯುತ್ತದಂತೆ. ತಿಮ್ಮಯ್ಯ ಅದಕ್ಕೆ ವೀರಮ್ಮ ಎಂದು ಹೆಸರಿಡಲು ಹೋಗಿ ಅತ್ತೆಯಿಂದ ಬೈಸಿಕೊಂಡನಂತೆ.

ಮದುವೆಯ ದಿನದ ಒಂದು ವಿಷಯ ಮಾತ್ರ ನಾನು ಯಾರಿಗೂ ಹೇಳಿಲ್ಲ. ಅದನ್ನು ಹೇಳಿದರೆ ಅರ್ಥವಾಗುತ್ತಿದ್ದವರು ಒಬ್ಬರೇ, ಅವರು ಇರಲಿಲ್ಲ. ಪಿರಿಯಾಪಟ್ಟಣದ ಮನೆಯ ಮುಂದೆ ಗಾಡಿ ನಿಂತಿತು. ಆರತಿ ಎತ್ತಿದರು. ನೋಡಲು ಬೀದಿಯೆಲ್ಲ ಸೇರಿತ್ತು. ಬಲಗಾಲಿಟ್ಟು ಒಳಗೆ ಬಾ ಎಂದು ಯಾರೋ ಕೂಗಿದರು. ನಾನು ತಲೆ ತಗ್ಗಿಸಿ ನೆಲ ನೋಡುತ್ತಲೇ ಮೆಟ್ಟಿಲು ಹತ್ತಿದೆ. ಸೆರಗಿನ ಗಂಟು ಎಳೆಯಿತು, ಬಲಗಾಲು ಹೊಸಲು ದಾಟಿ ಬೀಳುವ ಬದಲು ಪಕ್ಕದಲ್ಲಿದ್ದ ಭಾವನ ಪಾದದ ಮೇಲೆ ಬಿತ್ತು. ಭಾರವಾಗಿಯೇ ಬಿತ್ತು.

"ತಪ್ಪಾಯ್ತು" ಅಂದೆ. "ಬೇಕೂಂತ ತುಳೀಲಿಲ್ಲ."

ಆ ಮಾತು ಮಾತ್ರ ಎಲ್ಲರಿಗೂ ಕೇಳಿಸಿತು. ಎಷ್ಟು ವಿನಯ ನೋಡಿ, ಓದಿದ ಹುಡುಗಿ ಎಂದು ಹೆಂಗಸರು ಮೆಚ್ಚಿಕೊಂಡರು. ನನಗೆ ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ, ಭುಜ ಅಲುಗಿತು. ಮದುಮಗಳು ತವರನ್ನು ನೆನೆದು ಅಳುತ್ತಿದ್ದಾಳೆಂದು ಯಾರೋ ಬೆನ್ನು ಸವರಿ ನನ್ನನ್ನು ಒಳಗೆ ಕರೆದುಕೊಂಡು ಹೋದರು.